ಗೋಕಟ್ಟೆಗೆ ಯಾರು ದಿಕ್ಕು?

ಪ್ರತಿ ಬೇಸಿಗೆಯಲ್ಲೂ ಒಂದೇ ಥರದ ಫೋಟೋ ನನ್ನ ವಾಟ್ಸಾಪ್‌ಗೆ ಬರುತ್ತದೆ. ಒಣಗಿದ ಬಯಲು, ನಡುವೆ ಹೊಸ ಸಿಮೆಂಟ್ ತೊಟ್ಟಿ, ಪಕ್ಕದಲ್ಲಿ ನೀರು ಸುರಿಯುತ್ತಿರುವ ಟ್ಯಾಂಕರ್. ಕಾಡುಪ್ರಾಣಿಗಳ ದಾಹ ತೀರಿಸಿದ ಯುವಕರು ಎಂಬಂಥ ಸಾಲು ಕೆಳಗೆ. ನಾನು ಚಳ್ಳಕೆರೆ ಕಡೆಯವನು, ಕಾವಲು ಅನ್ನುವ ನಮ್ಮ ಹುಲ್ಲುಗಾವಲು, ಕುರಿ, ಜಿಂಕೆ ಅಂತ ಸದಾ ಮಾತಾಡುವವನು ಎಂದು ಗೊತ್ತಿರುವ ಗೆಳೆಯರು ಪ್ರೀತಿಯಿಂದ ಕಳಿಸುತ್ತಾರೆ. ಆ ಹುಡುಗರ ಬಗ್ಗೆ ನನಗೆ ಗೌರವವಿದೆ. ಏಪ್ರಿಲ್ ಬಿಸಿಲಲ್ಲಿ ಕೈಯಿಂದ ದುಡ್ಡು ಹಾಕಿ ಟ್ಯಾಂಕರ್ ತರಿಸುವುದು ಸಣ್ಣ ಮಾತಲ್ಲ. ಆದರೆ ಫೋಟೋ ನೋಡಿದಾಗಲೆಲ್ಲ ಒಂದು ಪ್ರಶ್ನೆ ಕೊರೆಯುತ್ತದೆ. ಮುಂದಿನ ವಾರ ಈ ತೊಟ್ಟಿಗೆ ನೀರು ಯಾರು ತರುತ್ತಾರೆ? ಮುಂದಿನ ವರ್ಷ ಇದರ ಬಿರುಕು ಯಾರು ಮುಚ್ಚುತ್ತಾರೆ?

ಇಂಥ ತೊಟ್ಟಿಗಳ ಮುಂದಿನ ಕತೆಯನ್ನು ನಾನು ಊರಿನ ಸುತ್ತ ನೋಡಿದ್ದೇನೆ. ಬಿಸಿಲಿಗೆ ಸಿಮೆಂಟ್ ಬಾಯಿ ಬಿಡುತ್ತದೆ. ಒಳಗೆ ಮಣ್ಣು, ಎಲೆ, ಕಸ ತುಂಬುತ್ತದೆ. ಉಳಿದ ಗೇಣು ನೀರಿಗೆ ಪಾಚಿ ಕಟ್ಟುತ್ತದೆ. ಒಳಗೋಡೆ ನೇರವಾಗಿರುವುದರಿಂದ ಬಿದ್ದ ಅಳಿಲು, ಓತಿಕೇತ ಮೇಲೆ ಹತ್ತಲಾರದೆ ಅಲ್ಲೇ ಸಾಯುತ್ತವೆ. ಮತ್ತೆ ಅದೇ ಬಯಲಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ದನಕರು ನೀರು ಕುಡಿಯಲೆಂದು ಕಟ್ಟಿದ ಒಂದು ಹಳೇ ಗೋಕಟ್ಟೆ ಇರುತ್ತದೆ. ಏರಿ ಒಂದು ಕಡೆ ಕಿತ್ತುಹೋಗಿರುತ್ತದೆ. ಅಂಗಳದ ತುಂಬ ಬಳ್ಳಾರಿ ಜಾಲಿಯ ಮುಳ್ಳುಗಿಡ. ಅದನ್ನು ಯಾರು ಕಟ್ಟಿಸಿದರೋ ಊರಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ನಾನು ಹುಡುಗನಾಗಿದ್ದಾಗ ಅದರಲ್ಲಿ ಯುಗಾದಿ ಕಳೆದರೂ ನೀರಿರುತ್ತಿತ್ತು. ನಮ್ಮ ದನ ಕುಡಿಯುತ್ತಿದ್ದವು, ಜಿಂಕೆಯೂ ಕುಡಿಯುತ್ತಿತ್ತು. ಹೊಸದು ಕಟ್ಟುವುದಕ್ಕೆ ಜನ ಸಿಗುತ್ತಾರೆ, ದುಡ್ಡೂ ಸಿಗುತ್ತದೆ. ಇದ್ದದ್ದನ್ನು ನೋಡಿಕೊಳ್ಳುವುದಕ್ಕೆ ಯಾಕೆ ಸಿಗುವುದಿಲ್ಲ?

ಇದನ್ನೇ ಯೋಚಿಸುತ್ತಾ ನಾನು ಬಂದು ನಿಂತಿರುವ ಜಾಗ ಇಷ್ಟು. ಬಯಲಿನ ನೀರನ್ನು ಇಷ್ಟು ಕಾಲ ಉಳಿಸಿದ್ದು ಅಲ್ಲಿಗೆ ದಿನಾ ಕುರಿ, ದನ ಹೊಡೆದುಕೊಂಡು ಬರುತ್ತಿದ್ದವನು. ಅವನನ್ನು ಕಾವಲಿನಿಂದ ಆಚೆ ಹಾಕಿದರೆ ಕಾಡುಪ್ರಾಣಿಗಳಿಗೆ ನೀರು ಜಾಸ್ತಿ ಸಿಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ನಾನು ಕಂಡಿರುವುದು ಇದಕ್ಕೆ ತಿರುಗಾಮುರುಗಾ.

ಕಟ್ಟೆಯ ಎರಡು ಮುಖ

ಗೋಕಟ್ಟೆ ನೋಡದವರು ಅದನ್ನು ನೀರು ನಿಲ್ಲುವ ಗುಂಡಿ ಅಂದುಕೊಳ್ಳುತ್ತಾರೆ. ಹಾಗಲ್ಲ. ಬಯಲಲ್ಲಿ ನೀರು ಸಣ್ಣಗೆ ಹರಿದು ಬರುವ ತಗ್ಗು ನೋಡಿ, ಅಡ್ಡಲಾಗಿ ಮಣ್ಣಿನ ಏರಿ ಹಾಕಿರುತ್ತಾರೆ. ಏರಿಯ ಬುಡದಲ್ಲಿ ಆಳ. ನೀರು ಬರುವ ಕಡೆ ಮೆಲ್ಲನೆ ಇಳಿಜಾರು. ಒಂದು ಮೂಲೆಯಲ್ಲಿ ಕಲ್ಲು ಜೋಡಿಸಿದ ಕೋಡಿ. ಹೆಚ್ಚಾದ ನೀರು ಅಲ್ಲಿಂದ ಆಚೆ ಹೋಗಬೇಕು, ಏರಿ ಹತ್ತಬಾರದು. ಇಷ್ಟೇ ಅದರ ಒಡಲು. ನಮ್ಮಲ್ಲಿ ವರ್ಷಕ್ಕೆ ಬೀಳುವುದು 500 ಮಿಲಿಮೀಟರ್ ಆಸುಪಾಸಿನ ಮಳೆ. ಅದರಲ್ಲೂ ದೊಡ್ಡ ಪಾಲು ಉತ್ತರೆ, ಹಸ್ತ, ಚಿತ್ತೆಯಲ್ಲಿ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಎರಡು ಮೂರು ಜೋರು ಮಳೆಗೆ ಕಟ್ಟೆ ತುಂಬಬೇಕು. ತುಂಬದಿದ್ದರೆ ಆ ವರ್ಷ ಮುಗಿಯಿತು.

ಆ ಇಳಿಜಾರು ಮುಖವೇ ಎಲ್ಲ ಜೀವಗಳ ಬಾಗಿಲು. ಕುರಿಮರಿ ಹೆದರದೆ ಇಳಿಯುವುದು ಅಲ್ಲಿ. ಮೊಲ, ಗೌಜಲ, ನಕ್ಷತ್ರ ಆಮೆ ಬರುವುದೂ ಅಲ್ಲೇ. ನೀರು ಇಳಿದಂತೆಲ್ಲ ಅಂಚು ಒಳಗೆ ಸರಿಯುತ್ತದೆ, ಪ್ರಾಣಿಗಳೂ ಅದರ ಜೊತೆ ಸರಿಯುತ್ತವೆ. ಕೊನೇ ಬೊಗಸೆ ನೀರಿನವರೆಗೂ ಕಾಲಿಡಲು ಜಾಗ ಇರುತ್ತದೆ.

ಈಗ ಹೂಳೆತ್ತುವ ಕೆಲಸ ಆಗುವುದು ಹೇಗೆ ನೋಡಿ. ಜೆಸಿಬಿ ಬರುತ್ತದೆ. ನಾಲ್ಕು ಕಡೆಯೂ ಗೋಡೆಯ ಹಾಗೆ ನೆಟ್ಟಗೆ ಕಡಿಯುತ್ತದೆ. ಬಿಲ್ ಆಗುವುದು ತೆಗೆದ ಮಣ್ಣಿನ ಘನ ಮೀಟರ್ ಲೆಕ್ಕದಲ್ಲಿ. ಉದ್ದ, ಅಗಲ, ಆಳ ಸರಿಯಾಗಿ ಅಳೆಯಲು ಚೌಕ ಗುಂಡಿಯೇ ಅನುಕೂಲ. ಇಳಿಜಾರು ಬಿಟ್ಟರೆ ಅಳತೆಗೂ ತೊಡಕು, ದುಡ್ಡೂ ಕಮ್ಮಿ. ತೆಗೆದ ಮಣ್ಣನ್ನು ಅಂಚಿಗೇ ಗುಡ್ಡೆ ಹಾಕುತ್ತಾರೆ. ಮೊದಲ ಮಳೆಗೆ ಅರ್ಧ ಮಣ್ಣು ವಾಪಸ್ ಒಳಗೆ. ಇನ್ನರ್ಧ ನೀರು ಬರುವ ದಾರಿಗೇ ಅಡ್ಡ. ಅಂಥ ಗುಂಡಿಯಲ್ಲಿ ನೀರು ಅರ್ಧಕ್ಕೆ ಇಳಿದಾಗ ಕುಡಿಯಲು ಹೋದ ಕರು ಮೇಲೆ ಬರಲಾರದೆ ಒದ್ದಾಡುವುದನ್ನು ನಮ್ಮ ಕಡೆ ಎಲ್ಲರೂ ಕಂಡಿದ್ದಾರೆ. ಹಗ್ಗ ಹಾಕಿ ಎಳೆಯಲು ದನಕ್ಕೆ ಜನ ಇದ್ದಾರೆ. ಜಿಂಕೆ ಮರಿಗೆ ಯಾರಿದ್ದಾರೆ?

ಇನ್ನೊಂದು ವಿಷಯವಿದೆ. ಕಟ್ಟೆಯ ತಳದಲ್ಲಿ ವರ್ಷಾನುಗಟ್ಟಲೆ ಕೂತ ಜಿಗುಟು ಮಣ್ಣಿನ ಪದರ ಇರುತ್ತದೆ. ನೀರನ್ನು ಹಿಡಿದಿಡುವುದು ಅದೇ. ಆಳ ಬೇಕು ಅಂತ ಅದನ್ನೂ ಕಿತ್ತರೆ ಕೆಳಗೆ ಗರಸು ಸಿಗುತ್ತದೆ, ನೀರು ಇಂಗಿ ಹೋಗುತ್ತದೆ. ಅಂತರ್ಜಲಕ್ಕೆ ಒಳ್ಳೆಯದೇ, ಆದರೆ ಮಾರ್ಚ್‌ನಲ್ಲಿ ಬಾಯಾರಿ ಬಂದ ಪ್ರಾಣಿಗೆ ಮೇಲೆ ನೀರು ಬೇಕು. ಹಳಬರು ಹೂಳು ಪೂರ್ತಿ ತೆಗೆಯುತ್ತಿರಲಿಲ್ಲ. ಬೇಸಿಗೆಯಲ್ಲಿ ರೈತರು ಗಾಡಿ ಕಟ್ಟಿಕೊಂಡು ಬಂದು, ಮೇಲಿನ ಗೋಡುಮಣ್ಣನ್ನು ಕೆರೆದು ತುಂಬಿ, ಶೇಂಗಾ ಹೊಲಕ್ಕೆ ಹೊಡೆಯುತ್ತಿದ್ದರು. ವರ್ಷಕ್ಕೆ ಸ್ವಲ್ಪ ಸ್ವಲ್ಪ. ಕಟ್ಟೆಯೂ ಹಗುರ, ಹೊಲಕ್ಕೂ ಗೊಬ್ಬರ.

ತಳವನ್ನು ಮತ್ತೆ ಮತ್ತೆ ಬಿಗಿ ಮಾಡುತ್ತಿದ್ದುದು ಗೊರಸು. ನೀರು ಇಳಿದ ಅಂಚಿನಲ್ಲಿ ನೂರಾರು ಕುರಿ, ದನ ದಿನಾ ಓಡಾಡಿದರೆ ಹಸಿ ಮಣ್ಣು ತುಳಿದು ತುಳಿದು ಗಟ್ಟಿಯಾಗುತ್ತದೆ. ಗದ್ದೆ ಕೆಸರು ತುಳಿದು ನೀರು ನಿಲ್ಲಿಸುವ ಕೆಲಸವೇ ಇದು. ಬೇಲಿ ಹಾಕಿ ಕುರಿ ತಡೆದ ಕಟ್ಟೆಯ ಅಂಗಳದಲ್ಲಿ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಬೇರು ಇಳಿಯುತ್ತದೆ, ಬೇರಿನ ಪಕ್ಕ ನೀರು ಇಳಿಯುತ್ತದೆ. ನಾನು ಇದನ್ನು ಪುಸ್ತಕದಲ್ಲಿ ಓದಿ ತಿಳಿದುಕೊಂಡದ್ದಲ್ಲ. ಒಂದೇ ಬಯಲಿನ ಎರಡು ಕಟ್ಟೆ, ಒಂದು ಬೇಲಿ ಒಳಗೆ, ಒಂದು ಹೊರಗೆ. ಹೊರಗಿನದರಲ್ಲೇ ಹೆಚ್ಚು ದಿನ ನೀರು ನಿಲ್ಲುವುದನ್ನು ಕಂಡ ಮೇಲೆ ಕುರಿಯವರನ್ನು ಕೇಳಿದೆ. ಅವರಿಗೆ ಅದೇನು ಹೊಸ ಸುದ್ದಿಯಾಗಿರಲಿಲ್ಲ.

ಒರತೆ

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರ ಪೀಡಿತ ಎಂದು ಘೋಷಣೆಯಾದ ವರ್ಷ ಅದು. ಮುಂದಿನ ಬೇಸಿಗೆ ಹೇಗಿತ್ತು ಅಂತ ಬಯಲುಸೀಮೆಯವರಿಗೆ ನಾನು ಹೇಳಬೇಕಾಗಿಲ್ಲ. ಆ ಏಪ್ರಿಲ್‌ನಲ್ಲಿ ನಮ್ಮೂರ ಕಾವಲಿನ ಕಟ್ಟೆ ಪೂರ್ತಿ ಬತ್ತಿತ್ತು. ಅಂಗಳದ ಮಣ್ಣು ಚಕ್ಕೆ ಚಕ್ಕೆ ಎದ್ದಿತ್ತು.

ಒಂದು ಮಧ್ಯಾಹ್ನ ಹೋದಾಗ ಕುರಿ ಕಾಯುವ ತಾತ ಒಬ್ಬರು ಏರಿಯ ಬುಡದಲ್ಲಿ ಒರತೆ ತೋಡುತ್ತಿದ್ದರು. ನಮ್ಮ ಕಡೆ ಗಟ್ಟಿಯಿರುವ ಕುರಿಯವರು ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಭದ್ರಾ ಕಾಲುವೆಯ ಗದ್ದೆಗಳ ಕಡೆ ಹೋಗುತ್ತಾರೆ. ಗದ್ದೆಯಲ್ಲಿ ಕುರಿ ತರುಬಿ, ಗೊಬ್ಬರಕ್ಕೆ ಬದಲಾಗಿ ದುಡ್ಡೋ ಕಾಳೋ ಪಡೆದು, ಮುಂಗಾರು ಬಿದ್ದ ಮೇಲೆ ವಾಪಸ್ ಬರುತ್ತಾರೆ. ಈ ತಾತನಿಗೆ ಈಗ ಅಷ್ಟು ದೂರ ನಡೆಯಲು ಆಗುವುದಿಲ್ಲ. ಕೆಲವು ಕುರಿ ಇಟ್ಟುಕೊಂಡು ಊರಲ್ಲೇ ಉಳಿದಿದ್ದಾರೆ.

ಮೊಣಕಾಲುದ್ದ ಅಗೆಯುವವರೆಗೆ ಒಣ ಮಣ್ಣೇ. ಆಮೇಲೆ ಮಣ್ಣಿನ ಬಣ್ಣ ಕಪ್ಪಾಯಿತು. ಗುದ್ದಲಿ ಬಿಟ್ಟು ಕೈಯಲ್ಲೇ ಬಗೆದರು. ಸ್ವಲ್ಪ ಹೊತ್ತಿಗೆ ಒಂದು ಬದಿಯಿಂದ ನೀರು ಜಿನುಗಿತು. ಮೊದಲು ಕೆಸರು ನೀರು. ಅದನ್ನು ಎತ್ತಿ ಚೆಲ್ಲಿ, ಸುತ್ತ ಕಲ್ಲು ಜೋಡಿಸಿ, ಬೀಡಿ ಹಚ್ಚಿ ಕೂತರು. ತಿಳಿಯಾಗಲು ಬಿಡಬೇಕು. ತಿಳಿಯಾದ ಮೇಲೆ ಬಾಯಿ ಕತ್ತರಿಸಿದ ಎಣ್ಣೆ ಕ್ಯಾನ್‌ನಿಂದ ಮೊಗೆದು ಪಕ್ಕದ ಕಲ್ಲುಬಾನಿಗೆ ತುಂಬಿದರು. ಆ ಬಾನಿ ಎಷ್ಟು ಹಳೆಯದೋ. ಅಂಚು ಕುರಿಗಳ ಕೊರಳು ಉಜ್ಜಿ ನುಣುಪಾಗಿದೆ. ಕುರಿಗಳನ್ನು ಒಟ್ಟಿಗೆ ಬಿಡಲಿಲ್ಲ. ಐದಾರು ಕುಡಿದು ಸರಿದ ಮೇಲೆ ಮತ್ತೆ ಐದಾರು.

ಎಲ್ಲ ಕುಡಿದಾದ ಮೇಲೆ ಹೊರಡಬೇಕಲ್ಲ, ಹೊರಡಲಿಲ್ಲ. ಮತ್ತೆ ಗುದ್ದಲಿ ತಗೊಂಡು ಒರತೆಯ ಒಂದು ಬದಿಯನ್ನು ಕಡಿದು ಇಳಿಜಾರು ಮಾಡಿದರು. ಎರಡು ಚಪ್ಪಡಿ ಕಲ್ಲು ಮೆಟ್ಟಿಲ ಹಾಗೆ ಇಟ್ಟರು. ಬಾನಿಗೆ ಇನ್ನೊಂದಿಷ್ಟು ನೀರು ತುಂಬಿದರು.

"ಇಷ್ಟು ಕಷ್ಟಪಟ್ಟು ತೋಡಿದ್ದೀರಿ. ಮುಳ್ಳು ಮುಚ್ಚಿ ಹೋಗಲ್ವಾ ತಾತ?" ಅಂದೆ.

"ಮುಚ್ಚಿದ್ರೆ ನಾಳೆ ನಾನೇ ತೆಗೀಬೇಕಲ್ಲಪ್ಪ. ಇರ್ಲಿ ಬಿಡು. ರಾತ್ರಿ ಬರೋವು ಬರ್ತಾವೆ."

"ತೋಳನೂ ಬರುತ್ತಾ?"

"ಬರ್ದೆ ಏನು? ಇಲ್ಲಿ ನೀರು ಸಿಗ್ಲಿಲ್ಲ ಅಂದ್ರೆ ಅದು ಊರ್ ಕಡೆ ಬರುತ್ತೆ. ಊರ್ ಕಡೆ ಬಂದ್ರೆ ಮೊದ್ಲು ಸಿಗೋದು ನನ್ನ ರೊಪ್ಪಾನೇ."

ರೊಪ್ಪ ಅಂದರೆ ಕುರಿದೊಡ್ಡಿ. ಹಿಂದಿನ ವರ್ಷ ಅವರ ಎರಡು ಮರಿಗಳನ್ನು ತೋಳ ಹೊತ್ತೊಯ್ದಿತ್ತು. ಅದನ್ನೂ ಅವರೇ ಹೇಳಿದರು. ಸಿಟ್ಟು ಇತ್ತು. ಆದರೂ ಬಾನಿ ತುಂಬಿದರು.

ಮಾರನೇ ದಿನ ಬೆಳಿಗ್ಗೆ ಬೇಗ ಹೋಗಿ ನೋಡಿದೆ. ಒರತೆಯ ಬಾಯಲ್ಲಿ ಹಸಿ ಮಣ್ಣಿನ ಮೇಲೆ ಹೆಜ್ಜೆಯ ಮೇಲೆ ಹೆಜ್ಜೆ. ಚೂಪು ತುದಿಯ, ಎರಡು ಸೀಳಿನ ಜಿಂಕೆ ಗೊರಸು. ಅದರ ಮೇಲೆ ಉಗುರು ಊರಿದ ನರಿ ಹೆಜ್ಜೆ. ಮೊಲದ ಹಿಕ್ಕೆ. ಹಕ್ಕಿ ಕಾಲುಗಳಂತೂ ಲೆಕ್ಕವಿಲ್ಲ. ಚಪ್ಪಡಿಯ ಮೇಲೆ ಒಣಗಿದ ಕೆಸರಿನಲ್ಲಿ ದೊಡ್ಡ ನಾಯಿಯ ಹೆಜ್ಜೆಯಂಥದ್ದು ಒಂದಿತ್ತು. ಅದು ತೋಳದ್ದೋ, ಊರ ನಾಯಿಯದ್ದೋ ಹೇಳುವಷ್ಟು ಜಾಣ ನಾನಲ್ಲ. ತಾತ ನೋಡಿ, ಅದೇ, ಅಂದರು.

ಬಿಸಿಲು ಕುಡಿಯುವ ನೀರು

ಕುರಿ-ದನ ಎಲ್ಲ ನೀರು ಖಾಲಿ ಮಾಡುತ್ತವೆ, ಕಾಡುಪ್ರಾಣಿಗೆ ಉಳಿಸುವುದಿಲ್ಲ ಎಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಸರಿ, ಲೆಕ್ಕ ಹಾಕಿಯೇ ನೋಡೋಣ. ಅರ್ಧ ಎಕರೆ ಅಗಲದ ಕಟ್ಟೆ ಅಂದುಕೊಳ್ಳಿ, ಅಂದರೆ ಸುಮಾರು 2,000 ಚದರ ಮೀಟರ್. ನಮ್ಮ ಬೇಸಿಗೆಯಲ್ಲಿ ತೆರೆದ ನೀರು ದಿನಕ್ಕೆ ಏಳು ಮಿಲಿಮೀಟರ್‌ನಷ್ಟು ಆವಿಯಾಗುವುದು ಮಾಮೂಲು. ಗುಣಿಸಿದರೆ ದಿನಕ್ಕೆ 14,000 ಲೀಟರ್. 200 ಕುರಿಗಳ ಮಂದೆ, ಒಂದೊಂದು ಐದು ಲೀಟರ್ ಕುಡಿದರೂ 1,000 ಲೀಟರ್. ಕುರಿ ಒಂದು ಪಾಲು ಕುಡಿದರೆ ಬಿಸಿಲು ಹದಿನಾಲ್ಕು ಪಾಲು ಕುಡಿಯುತ್ತದೆ. ನಾಲ್ಕು ತಿಂಗಳಲ್ಲಿ ಬಿಸಿಲೊಂದೇ ಎರಡೂಮುಕ್ಕಾಲು ಅಡಿ ನೀರು ಎಳೆದಿರುತ್ತದೆ. ಜನವರಿಯಲ್ಲಿ ಮೂರಡಿ ನೀರಿದ್ದ ಕಟ್ಟೆಗೆ ಒಂದೇ ಒಂದು ಕುರಿ ಬಾರದಿದ್ದರೂ ಮೇ ಹೊತ್ತಿಗೆ ಕೆಸರು ಮಾತ್ರ ಉಳಿಯುತ್ತದೆ.

ಹಾಗಂತ ಎಷ್ಟು ಮಂದೆ ಬಂದರೂ ಪರವಾಗಿಲ್ಲ ಅಂತಲ್ಲ. ಸುತ್ತಲಿನ ಕಟ್ಟೆಗಳೆಲ್ಲ ಹಾಳಾಗಿ ಹತ್ತು ಮಂದೆ ಒಂದೇ ಕಟ್ಟೆಗೆ ನುಗ್ಗಿದರೆ ಲೆಕ್ಕ ಬೇರೆಯಾಗುತ್ತದೆ. ಈಗ ಆಗುತ್ತಿರುವುದೂ ಅದೇ. ಆದರೆ ಅದಕ್ಕೆ ಮದ್ದು ಕುರಿ ಓಡಿಸುವುದಲ್ಲ, ಉಳಿದ ಕಟ್ಟೆಗಳನ್ನು ಎಬ್ಬಿಸುವುದು. ಆಳವನ್ನು ಏರಿ ಕಡೆ ಕಾಪಾಡಿಕೊಂಡರೆ ನೀರಿನ ಮೈ ಸಣ್ಣದಾಗುತ್ತಾ ಹೋಗುತ್ತದೆ, ಬಿಸಿಲಿಗೆ ಸಿಗುವುದೂ ಕಮ್ಮಿಯಾಗುತ್ತದೆ. ಹೂಳು ತುಂಬಿ ತಟ್ಟೆಯಾದ ಕಟ್ಟೆಯಲ್ಲಿ ಎಷ್ಟೇ ನೀರು ಬಂದರೂ ನಿಲ್ಲುವುದಿಲ್ಲ.

ಹೊತ್ತು ಹಂಚಿಕೆಯ ವಿಷಯವನ್ನೂ ಹೇಳಬೇಕು. ಯಾರೂ ಕೂತು ಮಾತಾಡಿ ಮಾಡಿಕೊಂಡ ಒಪ್ಪಂದವಲ್ಲ ಇದು. ಸೂರ್ಯ ಹುಟ್ಟಿ ಎರಡು ಮೂರು ಗಂಟೆಯಾದ ಮೇಲೆ ಮರಳುಬಣ್ಣದ ಹಕ್ಕಿಗಳ ಗುಂಪು ಕೂಗುತ್ತಾ ಬಂದು ಇಳಿಯುತ್ತದೆ. ಪಕ್ಷಿಪ್ರಿಯರು ಸ್ಯಾಂಡ್‌ಗ್ರೌಸ್ ಅನ್ನುವ ಹಕ್ಕಿ. ನೇರವಾಗಿ ನೀರಿಗೆ ಇಳಿಯುವುದಿಲ್ಲ. ಸ್ವಲ್ಪ ದೂರದ ಬರಿ ನೆಲದಲ್ಲಿ ಕೂತು, ಸುತ್ತ ನೋಡಿ, ಆಮೇಲೆ ಓಡಿ ಬಂದು ಗಟಗಟನೆ ಕುಡಿದು ಹಾರಿಬಿಡುತ್ತದೆ. ಮರಿಗಳಿರುವ ಕಾಲದಲ್ಲಿ ಗಂಡು ಹಕ್ಕಿ ನೀರಲ್ಲಿ ಕೂತು ಹೊಟ್ಟೆಯ ಗರಿಗಳನ್ನು ನೆನೆಸಿಕೊಳ್ಳುತ್ತದೆ. ಆ ಗರಿಗಳು ನೀರು ಹೀರಿಕೊಳ್ಳುವಂಥವು. ಹಾಗೇ ಮರಿಗಳ ಹತ್ತಿರ ಹಾರಿ ಹೋಗುತ್ತದೆ, ಅವು ಆ ಗರಿಗಳನ್ನು ಚೀಪಿ ನೀರು ಕುಡಿಯುತ್ತವೆ. ಈ ಹಕ್ಕಿಗೆ ಎತ್ತರದ ತೊಟ್ಟಿ ಕಟ್ಟಿದರೆ ಏನು ಉಪಯೋಗ? ಅದಕ್ಕೆ ಬೇಕಾದ್ದು ಸುತ್ತ ಬಯಲು, ಕಾಲಿಡಲು ಇಳಿಜಾರು. ಕುರಿ ತುಳಿದು ಬೋಳಾದ ಅಂಚು ಅದಕ್ಕೆ ಹೇಳಿ ಮಾಡಿಸಿದ ಜಾಗ. ಜಾಲಿ ಬೆಳೆದು ಮುಚ್ಚಿದ ಕಟ್ಟೆಗೆ ಅದು ಬರುವುದೇ ಇಲ್ಲ.

ಕುರಿಗಳ ಸರದಿ ಬಿಸಿಲು ಏರಿದ ಮೇಲೆ. ಸಂಜೆ ಮಂದೆ ರೊಪ್ಪದ ಕಡೆ ತಿರುಗಿದ ಮೇಲೆ ಜಿಂಕೆ. ಕೃಷ್ಣಮೃಗ ಹಸಿರು ಮೇವು ಇರುವಷ್ಟು ಕಾಲ ನೀರನ್ನು ಅಷ್ಟಾಗಿ ಹುಡುಕುವುದಿಲ್ಲ. ಹಂಚಿ, ಕರಡದಂಥ ಹುಲ್ಲೆಲ್ಲ ಒಣಗಿ ಹೋದ ಮೇಲೆ ಅದಕ್ಕೆ ನೀರು ಬೇಕೇ ಬೇಕು. ಆ ಹೊತ್ತಿಗೆ ದೊಡ್ಡ ಮಂದೆಗಳು ಗದ್ದೆ ಸೀಮೆಗೆ ಹೋಗಿರುತ್ತವೆ. ಮಂದೆ ಊರಲ್ಲಿರುವಾಗ ಜಿಂಕೆಗೆ ಅಷ್ಟು ನೀರು ಬೇಡ, ಜಿಂಕೆಗೆ ಬೇಕಾದಾಗ ಮಂದೆ ಊರಲ್ಲಿಲ್ಲ. ವಲಸೆಯ ದಾರಿಗಳು ಮುಚ್ಚಿದಂತೆಲ್ಲ ಈ ಹೊಂದಿಕೆಯೂ ಕೆಡುತ್ತಿದೆ.

ಗೋಡೆ ಬಂದ ಮೇಲೆ

ಮೈಸೂರು ಅರಸರ ಕಾಲದಲ್ಲಿ ಅಮೃತ ಮಹಲ್ ದನಗಳಿಗೆಂದು ಮೀಸಲಿಟ್ಟ ಕಾವಲುಗಳ ಹಳೇ ಕತೆ ಇಲ್ಲಿ ಬೇಡ. ಒಂದು ಸಂಗತಿ ಮಾತ್ರ ಹೇಳುತ್ತೇನೆ. ಆ ಕಾಲದ ಆಡಳಿತ ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲ ಅಂತ ವಿಂಗಡಿಸಿತ್ತು. ಬೇಸಿಗೆ ಕಾವಲು ಅಂದರೆ ನೀರು, ನೆರಳು ಎರಡೂ ಇರುವಂಥದ್ದು. ದನ ವರ್ಷವಿಡೀ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಎಲ್ಲ ಕಡೆ ಎಲ್ಲ ಕಾಲದಲ್ಲೂ ನೀರಿರಬೇಕು ಅಂತ ಯಾರೂ ಅಂದುಕೊಂಡಿರಲಿಲ್ಲ.

ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದಲ್ಲಿ ಇದಕ್ಕೆ ವಿರುದ್ಧವಾದದ್ದನ್ನು ಮಾಡಿ ನೋಡಿದರು. ಪ್ರಾಣಿಗಳು ಬಾಯಾರಬಾರದು ಅಂತ ನೂರಾರು ಬೋರ್‌ವೆಲ್ ಕೊರೆದು ಒಣ ಭಾಗಗಳಿಗೂ ನೀರು ಕೊಟ್ಟರು. ನೀರಿನ ಬೆನ್ನಿಗೆ ಜೀಬ್ರಾ ಬಂದವು. ಜೀಬ್ರಾ ಬೆನ್ನಿಗೆ ಸಿಂಹ. ಅದುವರೆಗೆ ಒಣ ಹುಲ್ಲುಗಾವಲಲ್ಲಿ ತಮ್ಮ ಪಾಡಿಗೆ ಇದ್ದ ರೋನ್ ಎಂಬ ಅಪರೂಪದ ಜಿಂಕೆಗಳು ಕುಸಿದವು. 1990ರ ದಶಕದಿಂದ ಅಲ್ಲಿ ಅನೇಕ ಬೋರ್‌ವೆಲ್‌ಗಳನ್ನು ಮುಚ್ಚಿದರು. ಕಿಲೋಮೀಟರಿಗೊಂದು ತೊಟ್ಟಿ ಕಟ್ಟಿ ವರ್ಷವಿಡೀ ತುಂಬಿಸೋಣ ಅನ್ನುವವರು ಇದನ್ನು ನೆನಪಿಡಬೇಕು. ತೊಟ್ಟಿಯ ಸುತ್ತ ಹುಲ್ಲು ಉಳಿಯುವುದಿಲ್ಲ. ಬೇಟೆಗಾರನಿಗೂ ಉರುಲು ಎಲ್ಲಿ ಹಾಕಬೇಕು ಅಂತ ಗೊತ್ತಾಗುತ್ತದೆ. ಊರ ನಾಯಿಗಳು ಅಲ್ಲೇ ಹೊಂಚು ಹಾಕುತ್ತವೆ. ಜಿಂಕೆ ಮರಿಗಳ ಮಟ್ಟಿಗೆ ಈಗ ತೋಳಕ್ಕಿಂತ ಊರ ನಾಯಿಗಳ ಕಾಟವೇ ದೊಡ್ಡದು.

ನಮ್ಮ ತಾಲ್ಲೂಕಿನಲ್ಲಿ 2008-09ರ ಸುಮಾರಿಗೆ ಶುರುವಾಗಿ ಸುಮಾರು 10,000 ಎಕರೆ ಕಾವಲು ಬೇರೆ ಬೇರೆ ಸಂಸ್ಥೆಗಳ ಪಾಲಾಯಿತು. ಗೋಡೆ ಎದ್ದಿತು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಎಕರೆಗಳ ಬಗ್ಗೆ ಚರ್ಚೆಯಾಯಿತು. ಕಟ್ಟೆಗಳ ಬಗ್ಗೆ ಅಷ್ಟಾಗಿ ಆಗಲಿಲ್ಲ. ಹುಲ್ಲನ್ನು ಎಕರೆಯಲ್ಲಿ ಅಳೆಯಬಹುದು. ನಮ್ಮ ಭೂಕಂದಾಯ ನಿಯಮದಲ್ಲೂ ಗೋಮಾಳದ ಅಳತೆ ಹಾಗೇ ಇದೆ, 100 ಜಾನುವಾರಿಗೆ 30 ಎಕರೆ. ಆದರೆ ಕುರಿ ಕಾಯುವವನಿಗೆ ಎಕರೆಗಿಂತ ಮೊದಲು ಬರುವುದು ಮಧ್ಯಾಹ್ನದ ನೀರು. ಗೋಡೆಯ ಒಳಗೆ ಕಟ್ಟೆ ಸಿಕ್ಕಿಕೊಂಡರೆ ಹೊರಗಿನ ಹುಲ್ಲೂ ಅವನಿಗೆ ದಕ್ಕುವುದಿಲ್ಲ. ನೀರಿಗೆ ಹೋಗಿ ಬರುವುದರಲ್ಲೇ ಹೊತ್ತು ಮುಗಿಯುತ್ತದೆ.

ವನ್ಯಜೀವಿ ಕಾನೂನಿನಲ್ಲಿ ಸಂರಕ್ಷಣಾ ಮೀಸಲು ಅಂತ ಒಂದು ದಾರಿ ಇದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲಿನ 798 ಎಕರೆ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲಾಯಿತು. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು 2011ರಲ್ಲಿ. ಎರಡೂ ಒಳ್ಳೆಯ ಕೆಲಸ. ಇವುಗಳ ನಿರ್ವಹಣಾ ಸಮಿತಿಯಲ್ಲಿ ಯಾರಿರಬೇಕು ಅಂತ ಕಾನೂನೇ ಹೇಳುತ್ತದೆ. ಅರಣ್ಯ ಇಲಾಖೆ, ಗ್ರಾಮ ಪಂಚಾಯ್ತಿಯ ಪ್ರತಿನಿಧಿ, ವನ್ಯಜೀವಿ ಸಂಘಟನೆಗಳ ಮೂವರು, ಕೃಷಿ ಮತ್ತು ಪಶುಪಾಲನೆ ಇಲಾಖೆಯಿಂದ ಒಬ್ಬೊಬ್ಬರು. ದಿನಾ ಅದೇ ಬಯಲಲ್ಲಿ ಕಾಲು ಸವೆಸುವ ಕುರಿಗಾಹಿಗೆ, ದೇವರ ಎತ್ತು ಕಾಯುವ ಕಿಲಾರಿಗೆ ಅಂತ ಒಂದು ಕುರ್ಚಿ ಆ ಪಟ್ಟಿಯಲ್ಲಿ ಇಲ್ಲ. ಪಂಚಾಯ್ತಿ ಸದಸ್ಯರು ಇದ್ದಾರಲ್ಲ ಅನ್ನಬಹುದು. ಅವರಲ್ಲಿ ಕಟ್ಟೆಯ ಕೋಡಿ ಎಲ್ಲಿದೆ ಅಂತ ತೋರಿಸಬಲ್ಲವರು ಎಷ್ಟು ಜನ?

ಕೋಡಿಯ ಕಲ್ಲು

ಕೋಡಿ ಅಂದೆನಲ್ಲ, ಅದನ್ನು ಸ್ವಲ್ಪ ಹೇಳಬೇಕು. 2022ರ ಮಳೆ ನೆನಪಿದೆಯಾ? ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದು, ನೋಡಲು ಜಾತ್ರೆಯ ಹಾಗೆ ಜನ ಸೇರಿದ್ದರು. ಅದೇ ಮಳೆಗೆ ನಮ್ಮ ಕಾವಲಿನ ಕಟ್ಟೆಯೂ ತುಂಬಿತು. ಊರೆಲ್ಲ ಸಂಭ್ರಮ. ಕೋಡಿಯಲ್ಲಿ ಮಾತ್ರ ನಾಲ್ಕೈದು ಕಲ್ಲು ಕಿತ್ತು ಬಂದು, ನೀರು ಪಕ್ಕದ ಮಣ್ಣನ್ನು ಕೊರೆಯಲು ಶುರುಮಾಡಿತ್ತು. ಕಟ್ಟೆ ಹಾಳಾಗುವುದು ಹೀಗೆಯೇ. ಏರಿ ಒಂದೇ ಸಲ ಒಡೆಯುವುದು ಅಪರೂಪ. ಕಲ್ಲು ಸರಿಯುತ್ತದೆ, ಮಣ್ಣು ಸೋರುತ್ತದೆ, ಇಲಿ-ಹೆಗ್ಗಣ ಬಿಲ ಮಾಡುತ್ತವೆ, ಮುಂದಿನ ಮಳೆಗೆ ಎಲ್ಲ ಒಟ್ಟಿಗೆ ಹೋಗುತ್ತದೆ.

ಮಳೆ ಬಿಟ್ಟ ಮಾರನೇ ದಿನ ಅದನ್ನು ಮೊದಲು ಕಂಡವರು ಕುರಿಯವರು. ನಾಲ್ಕು ಜನ ಸೇರಿ ಸಾಲಿನಲ್ಲಿ ನಿಂತು ಕಲ್ಲು ದಾಟಿಸಿದರು. ಮಣ್ಣು ತುಂಬಿದ ಗೊಬ್ಬರದ ಚೀಲಗಳನ್ನು ಒತ್ತಿಟ್ಟರು. ನಾನೂ ಕೈಜೋಡಿಸಿದೆ. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ದುಡ್ಡು ಖರ್ಚಾಗಲಿಲ್ಲ, ಅಂದಾಜು ಪಟ್ಟಿ ಬೇಕಾಗಲಿಲ್ಲ. ಆ ದಿನ ಯಾರೂ ಬಾರದಿದ್ದರೆ ಮುಂದೆ ಲಕ್ಷಗಟ್ಟಲೆ ಬೇಕಾಗುತ್ತಿತ್ತು. ಅವರು ಬಂದದ್ದು ಯಾಕೆ? ಕುರಿಗೆ ಆ ನೀರು ಬೇಕಿತ್ತು. ಅಷ್ಟೇ. ಕುರಿ ಬರುವುದು ನಿಂತ ಕಟ್ಟೆಯಲ್ಲಿ ಕಲ್ಲು ಸರಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಪಾವಗಡ, ಮಧುಗಿರಿ ಕಡೆಯ ತಲಪರಿಗೆಗಳ ಕತೆಯೂ ಬೇರೆಯಲ್ಲ. ಹಳ್ಳದಲ್ಲಿ, ಕೆರೆಯಂಗಳದಲ್ಲಿ ತಾನಾಗಿ ಉಕ್ಕುವ ಆ ಊಟೆಗಳನ್ನು ಊರವರು ಸೇರಿ ಕೆಸರು ತೆಗೆದು ಸ್ವಚ್ಛ ಮಾಡಿಕೊಳ್ಳುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಆ ನೀರಿನ ಹಂಗು ಕಡಿಮೆಯಾಯಿತು. ಹಂಗು ಕಡಿಮೆಯಾದ ಮೇಲೆ ಹೋಗುವವರೂ ಕಡಿಮೆಯಾದರು.

ಕುರಿಯವರನ್ನು ಹೊಗಳುತ್ತಿದ್ದೇನೆ, ಆದರೆ ಹಂಚಿಕೊಂಡ ನೀರಿನಲ್ಲಿ ತೊಂದರೆ ಇಲ್ಲವೇ ಇಲ್ಲ ಎಂದು ಹೇಳಲಾರೆ. ನಿಂತ ನೀರಲ್ಲಿ ಸಗಣಿ, ಹಿಕ್ಕೆ, ಗಂಜಲ ಸೇರುತ್ತದೆ. ಕಾಲುಬಾಯಿ ಬೇನೆ ಬಂದ ಹಿಂಡನ್ನು ಕಟ್ಟೆಗೆ ಇಳಿಸಿದರೆ ರೋಗ ಅಲ್ಲಿಗೇ ನಿಲ್ಲುವುದಿಲ್ಲ, ಕಾಡಿನ ಗೊರಸಿನ ಪ್ರಾಣಿಗೂ ಅಂಟಬಹುದು. ಬಸವನಹುಳು ಇರುವ ಕೆಸರಂಚಿನಿಂದ ಕುರಿಗೆ ಈಲಿಯ, ಅಂದರೆ ಪಿತ್ತಜನಕಾಂಗದ, ಹುಳು ಹತ್ತುತ್ತದೆ. ಬಳ್ಳಾರಿ ಜಾಲಿಯನ್ನು ಕಟ್ಟೆಯವರೆಗೆ ತಂದದ್ದರಲ್ಲೂ ಕುರಿ-ಮೇಕೆಯ ಪಾಲಿದೆ. ಸಿಹಿ ಕಾಯಿ ತಿನ್ನುತ್ತವೆ, ಬೀಜ ಹಿಕ್ಕೆಯಲ್ಲಿ ಬಂದು ಹಸಿ ಅಂಚಿನಲ್ಲಿ ಮೊಳೆಯುತ್ತದೆ. ಇದಕ್ಕೆಲ್ಲ ದಾರಿ ಇದೆ. ನೀರನ್ನು ಬಾನಿಗೆ ಎತ್ತಿ ಕುಡಿಸುವುದು ಹಳೇ ದಾರಿಯೇ. ಹೊತ್ತಿಗೆ ಸರಿಯಾಗಿ ಲಸಿಕೆ ಹಾಕಿಸಿದರೆ ಕಾಯಿಲೆಯ ಅರ್ಧ ಭಯ ಹೋಗುತ್ತದೆ. ಪಶುವೈದ್ಯರು ಕಟ್ಟೆಯ ಹತ್ತಿರವೇ ಬಂದು ಒಂದು ದಿನ ಕೂತರೆ ಮಂದೆಗಳೆಲ್ಲ ಅಲ್ಲಿಗೇ ಬರುತ್ತವೆ, ಊರೂರು ಹುಡುಕಬೇಕಿಲ್ಲ. ಜಾಲಿ ಕಡಿಯುವಾಗ ಮಾತ್ರ ನೆಲದ ಮೇಲೆ ಸವರಿ ಹೋದರೆ ಪ್ರಯೋಜನವಿಲ್ಲ. ಒಂದಕ್ಕೆ ಹತ್ತು ಚಿಗುರುತ್ತದೆ. ಬುಡವನ್ನು ಮಣ್ಣಿನೊಳಗಿಂದ ಕಿತ್ತು, ಮುಂದಿನ ಎರಡು ಮೂರು ಮಳೆಗಾಲ ಸಸಿ ಎದ್ದಂತೆ ಕೀಳುತ್ತಿರಬೇಕು. ಟೆಂಡರ್ ಕರೆದು ಮುಗಿಸುವ ಕೆಲಸ ಅಲ್ಲ ಇದು. ದಿನಾ ಅಲ್ಲಿರುವವನಿಗೆ ಒಂದಿಷ್ಟು ಕೂಲಿ ಕೊಟ್ಟರೆ ಆಗುವ ಕೆಲಸ.

ನಮ್ಮ ಕಟ್ಟೆಯ ಮಾತಿಗೆ ಬಂದರೆ, ಪಂಚಾಯ್ತಿಯ ಕ್ರಿಯಾಯೋಜನೆಯಲ್ಲಿ ಈ ಸಲ ಗೋಕಟ್ಟೆ ಹೂಳೆತ್ತುವುದು ಅಂತ ಸೇರಿದೆ. ಖುಷಿಯ ವಿಷಯವೇ. ಆದರೆ ನಕ್ಷೆಯಲ್ಲಿರುವುದು ಅದೇ ಚೌಕ ಗುಂಡಿ, ಸುತ್ತ ತಂತಿಬೇಲಿ. ಗ್ರಾಮಸಭೆಯಲ್ಲಿ ಕುರಿಯವರ ಜೊತೆ ನಾನೂ ಎದ್ದು ನಿಂತು ಕೇಳಿದ್ದು ನಾಲ್ಕು ಮಾತು. ಏರಿ ಕಡೆ ಮಾತ್ರ ಅಗೆಯಿರಿ, ನೀರು ಬರುವ ಕಡೆಯ ಇಳಿಜಾರು ಮುಟ್ಟಬೇಡಿ. ಜಿಗುಟು ಮಣ್ಣು ಕಂಡ ಕೂಡಲೇ ನಿಲ್ಲಿಸಿ. ಮಣ್ಣನ್ನು ಅಂಚಿಗೆ ಹಾಕದೆ ಹೊಲಗಳಿಗೆ ಕೊಡಿ, ರೈತರು ತಮ್ಮ ಟ್ರ್ಯಾಕ್ಟರಿನಲ್ಲೇ ಒಯ್ಯುತ್ತಾರೆ. ಬೇಲಿಯ ದುಡ್ಡಲ್ಲಿ ಕೋಡಿಗೆ ಕಲ್ಲು ಕಟ್ಟಿಸಿ. ಇಂಜಿನಿಯರ್ ಸಮಾಧಾನದಿಂದಲೇ ಕೇಳಿಸಿಕೊಂಡರು. ಇಳಿಜಾರು ಬಿಟ್ಟರೆ ಅಳತೆ ಪುಸ್ತಕದಲ್ಲಿ ಹೇಗೆ ತೋರಿಸುವುದು ಎಂಬುದೇ ಅವರ ತೊಡಕು. ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದಿದ್ದಾರೆ. ಕೆಲಸ ಶುರುವಾಗುವ ದಿನ ಜೆಸಿಬಿ ಎಲ್ಲಿಂದ ಇಳಿಯಬೇಕು ಅಂತ ತೋರಿಸಲು ತಾತ ಅಲ್ಲಿರುತ್ತೇನೆ ಅಂದಿದ್ದಾರೆ. ನಾನೂ ಊರಿಗೆ ಹೋಗುತ್ತಿದ್ದೇನೆ.